ಅಪ್‌ಡೇಟ್: ಅಪ್ಪನನ್ನು ಮಂಚದಿಂದ ವೀಲ್‌ಚೇರ್‌ಗೆ ಕೂರಿಸೋದು
ಲಕ್ವಾ ಹೊಡೆದು ಎಡಗಡೆ ಸ್ವಾಧೀನ ತಪ್ಪಿದ ಅಪ್ಪನನ್ನು ವೀಲ್‌ಚೇರ್‌ಗೆ ಕೂರಿಸುವಾಗ ನನ್ನ ಸೊಂಟ ಹಿಡಿಯುತ್ತಿದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಸಿಂಧನೂರಿನ ನಮ್ಮ ಮನೆಗೇ ಫಿಸಿಯೋಥೆರಪಿಸ್ಟ್ ಬಂದು ತೋರಿಸಿಕೊಟ್ಟರು. ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದದ್ದೇ ನನ್ನ ತಪ್ಪು. ಹಾಗೆ ಎಳೆದರೆ ಬಲವಿಲ್ಲದ ಭುಜದ ಕೀಲು ಜಾರಬಹುದಂತೆ.

ಈಗ ಕುರ್ಚಿಯನ್ನು ಅವರ ಬಲಗಡೆ, ಅಂದರೆ ಗಟ್ಟಿ ಇರುವ ಕಡೆ ಇಡುತ್ತೇನೆ. ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚುತ್ತೇನೆ. ಅಪ್ಪ ಮಂಚದ ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಮುಂದಕ್ಕೆ ಬಾಗುತ್ತಾರೆ. ಅವರ ಎಡ ಮೊಣಕಾಲು ಕುಸಿಯದಂತೆ ನನ್ನ ಮೊಣಕಾಲು ಆನಿಸಿ, ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್ ಹಿಡಿಯುತ್ತೇನೆ. ಮೂರು ಅನ್ನುವಷ್ಟರಲ್ಲಿ ಅರ್ಧ ಭಾರ ಅವರೇ ಹೊರುತ್ತಾರೆ! ಎಣಿಸೋದೂ ಅವರೇ, ನಾನು ಎಣಿಸಿದರೆ ಸಿಟ್ಟು.

ಬಚ್ಚಲಿಗೆ ಮಾತ್ರ ಈಗಲೂ ಇಬ್ಬರು ಬೇಕು. ಹೊಸ್ತಿಲು ಎತ್ತರ.