ಬಿಆರ್‌ಡಿ4 ಎಂಬ ಪ್ರೋಟೀನು ಎಲ್ಲ ಜೀವಕೋಶಕ್ಕೂ ಬೇಕು. ಅದನ್ನು ತಡೆದರೆ ಕ್ಯಾನ್ಸರೇ ಯಾಕೆ ಮೊದಲು ಸೊರಗುತ್ತದೆ?

ಪ್ರಶ್ನೆ:
ಎಂಎಸ್‌ಸಿ ಸೆಮಿನಾರಿಗೆ ಬಿಆರ್‌ಡಿ4 ಬಗ್ಗೆ ಓದುತ್ತಿದ್ದೇನೆ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನಿನ ಬಾಲದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಅಂಟಿದ್ದರೆ ಈ ಪ್ರೋಟೀನು ಅಲ್ಲಿ ಹೋಗಿ ಕೂರುತ್ತದೆ, ಪಕ್ಕದ ಜೀನ್ ಕೆಲಸ ಶುರು ಮಾಡುತ್ತದೆ. ಇಷ್ಟು ಗೊತ್ತಾಯಿತು. ಆದರೆ ಇದು ಪೂರ್ತಿ ಇಲ್ಲದ ಇಲಿಯ ಭ್ರೂಣ ಬದುಕುವುದೇ ಇಲ್ಲ. ಹಾಗಿದ್ದರೆ ಇದನ್ನು ತಡೆಯುವ ಜೆಕ್ಯೂ1 ಎಂಬ ರಾಸಾಯನಿಕ ಕೊಟ್ಟ ಇಲಿ ಬದುಕಿ, ಗಡ್ಡೆ ಮಾತ್ರ ಕುಗ್ಗುವುದು ಹೇಗೆ?

ಉತ್ತರ 1:
ಪ್ರೋಟೀನು ಇಲ್ಲವೇ ಇಲ್ಲ ಅನ್ನುವುದು ಬೇರೆ, ಅದರ ಕೆಲಸ ಸ್ವಲ್ಪ ಹೊತ್ತು ತಗ್ಗುವುದು ಬೇರೆ. ಜೆಕ್ಯೂ1 ಇಲಿಯ ಮೈಯಲ್ಲಿ ಬೇಗ ಕರಗಿಹೋಗುತ್ತದೆ.

ಇನ್ನು ಮುಖ್ಯ ವಿಷಯ. ಜೀನ್ ಓದಿ ಆರ್‌ಎನ್‌ಎ ಮಾಡುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್ 2 ಜೀನ್‌ನ ಶುರುವಿನಲ್ಲೇ ನಿಂತುಬಿಡುತ್ತದೆ. ಬಿಆರ್‌ಡಿ4 ಕರೆತರುವ ಪಿ-ಟಿಇಎಫ್‌ಬಿ ಎಂಬ ಪ್ರೋಟೀನು ಕೂಟದಲ್ಲಿ ಸಿಡಿಕೆ9 ಎಂಬ ಕಿಣ್ವ ಇದೆ. ಅದು ಫಾಸ್ಫೇಟ್ ಅಂಟಿಸಿದ ಮೇಲೆ ಪಾಲಿಮರೇಸ್ ಮುಂದೆ ಹೊರಡುತ್ತದೆ. ಇದು ಆರೋಗ್ಯವಂತ ಕೋಶದಲ್ಲೂ ನಡೆಯುತ್ತದೆ. ಆದರೆ ಬಿಆರ್‌ಡಿ4 ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಸೂಪರ್ ಎನ್‌ಹಾನ್ಸರ್‌ಗಳ ಮೇಲೆ, ಅಂದರೆ ಜೀನ್‌ನ ಕೆಲಸ ಜೋರು ಮಾಡುವ ಡಿಎನ್‌ಎ ತುಣುಕುಗಳು (ಎನ್‌ಹಾನ್ಸರ್) ಒತ್ತೊತ್ತಾಗಿರುವ ಜಾಗಗಳಲ್ಲಿ, ಗುಂಪುಗಟ್ಟುತ್ತದೆ. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಪ್ರತಿಕಾಯದ ಜೀನ್‌ನ ಎನ್‌ಹಾನ್ಸರ್, ಕೋಶ ವಿಭಜನೆಗೆ ದೂಡುವ ಎಂವೈಸಿ ಎಂಬ ಜೀನ್‌ನ ಪಕ್ಕಕ್ಕೆ ಬಂದು ಕೂತಿರುತ್ತದೆ. ಔಷಧ ಕೊಟ್ಟರೆ ಮೊದಲ ಪೆಟ್ಟು ಬೀಳುವುದು ಇಂಥ ಜಾಗಕ್ಕೇ. ಎಂವೈಸಿ ಪ್ರೋಟೀನಿನ ಅರ್ಧಾಯು ಅರ್ಧ ಗಂಟೆ ಆಸುಪಾಸು, ಆರ್‌ಎನ್‌ಎ ಕೂಡ ಬೇಗ ಒಡೆಯುತ್ತದೆ. ಹಾಗಾಗಿ ಕೆಲವೇ ಗಂಟೆಗಳಲ್ಲಿ ದಾಸ್ತಾನು ಖಾಲಿ.

ಉತ್ತರ 2:
ನಟ್ ಕಾರ್ಸಿನೋಮಾ ಎಂಬ ಕ್ಯಾನ್ಸರನ್ನೂ ಬಿಡಬೇಡಿ. ಬಹಳ ಅಪರೂಪ, ಆದರೆ ಬಿಆರ್‌ಡಿ4 ನೇರವಾಗಿ ಕ್ಯಾನ್ಸರ್ ತರುವುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. 15 ಮತ್ತು 19ನೇ ಕ್ರೋಮೋಸೋಮ್ ತುಂಡುಗಳು ಅದಲುಬದಲಾಗಿ ಬಿಆರ್‌ಡಿ4 ಜೀನ್ ಜೊತೆ ನಟ್ ಜೀನ್ ಸೇರಿಕೊಂಡು ಬಿಆರ್‌ಡಿ4-ನಟ್ ಎಂಬ ಒಂದೇ ಪ್ರೋಟೀನು ಆಗುತ್ತದೆ. ನಟ್ ಸಾಮಾನ್ಯವಾಗಿ ವೃಷಣದಲ್ಲಿ ಇರುವ ಪ್ರೋಟೀನು. ಅದು ಪಿ300 ಕಿಣ್ವವನ್ನು ಎಳೆದು ತರುತ್ತದೆ, ಪಿ300 ಇನ್ನಷ್ಟು ಅಸಿಟೈಲ್ ಅಂಟಿಸುತ್ತದೆ, ಅಲ್ಲಿಗೆ ಇನ್ನಷ್ಟು ಬಿಆರ್‌ಡಿ4-ನಟ್ ಬರುತ್ತದೆ. ಕೋಶ ಬಲಿಯದೆ ಸುಮ್ನೆ ವಿಭಜನೆಯಾಗುತ್ತಲೇ ಇರುತ್ತದೆ. 2010ರಲ್ಲಿ ಜೆಕ್ಯೂ1 ಹಾಕಿದಾಗ ಈ ಕೋಶಗಳು ವಿಭಜನೆ ನಿಲ್ಲಿಸಿ, ಚಪ್ಪಟೆಯಾಗಿ, ಬಲಿತ ಕೋಶದ ಗುರುತಾದ ಕೆರಾಟಿನ್ ಪ್ರೋಟೀನು ಮಾಡತೊಡಗಿದವು. ನನಗೆ ಈಗಲೂ ಅತಿ ಇಷ್ಟವಾದ ಫಲಿತಾಂಶ ಇದು.

ಪ್ರಶ್ನೆ ಕೇಳಿದವರು:
ಹಾಗಾದರೆ ಆರೋಗ್ಯವಂತ ಕೋಶಕ್ಕೆ ತೊಂದರೆ ಇಲ್ಲ ಅಂತ ಬರೆಯಬಹುದು, ಅಲ್ವಾ?

ಉತ್ತರ 1:
ದಯವಿಟ್ಟು ಹಾಗೆ ಬರೆಯಬೇಡಿ. ಈ ಬಗೆಯ ಔಷಧ ತೆಗೆದುಕೊಂಡ ರೋಗಿಗಳಲ್ಲಿ ಪ್ಲೇಟ್‌ಲೆಟ್ ಕುಸಿದು ಡೋಸ್ ನಿಲ್ಲಿಸಬೇಕಾಗಿ ಬಂದಿದೆ. ಇಲಿಗಳಲ್ಲಿ ಬಿಆರ್‌ಡಿ4 ಅನ್ನು ಜಾಸ್ತಿ ತಗ್ಗಿಸಿದಾಗ ಕೂದಲು ಉದುರಿತು, ಕರುಳಿನ ಕಾಂಡಕೋಶಗಳೂ ಕಡಿಮೆಯಾದವು. ಮತ್ತೆ ಬಿಆರ್‌ಡಿ4 ಬರಲು ಬಿಟ್ಟಾಗ ಚೇತರಿಸಿಕೊಂಡವು. ನಿಮ್ಮ ಸ್ಲೈಡಿನಲ್ಲಿ ಎಷ್ಟು ತಡೆದರು, ಎಷ್ಟು ಹೊತ್ತು ತಡೆದರು ಅನ್ನುವ ಎರಡನ್ನೂ ಹಾಕಿ. ನೀವು ಮೊದಲು ಕೇಳಿದ್ದಕ್ಕೆ ಉತ್ತರ ಅಲ್ಲೇ ಇದೆ.