ಡಿಜಿಟಲ್ ಮಾದರಿಯಿಂದ ಮುತ್ಯಾ ಅವರ ಪುತ್ಥಳಿ: ನಯಗೊಳಿಸುವುದು, ಅಚ್ಚು ತೆಗೆಯುವುದು ಹೇಗೆ?

ಭೀಮಾತೀರ, ಯಾದಗಿರಿ:

ಎಲ್ಲರಿಗೂ ನಮಸ್ಕಾರ. ತೀರಿಹೋದ ನಮ್ಮ ಮುತ್ಯಾ (ಅಜ್ಜ) ಅವರ ಎದೆಮಟ್ಟದ ಪುತ್ಥಳಿಯನ್ನು, ಮನೆಯಲ್ಲಿ ಉಳಿದಿರುವ ಎರಡೇ ಫೋಟೊಗಳನ್ನು ಮುಂದಿಟ್ಟುಕೊಂಡು, ನಾಲ್ಕು ತಿಂಗಳು ಕುಳಿತು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೂಪಿಸಿದ್ದೇನೆ. ಎತ್ತರ 14 ಸೆಂ.ಮೀ. ದ್ರವ ರೆಸಿನನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿಯಾಗಿಸುವ ರೆಸಿನ್ ಪ್ರಿಂಟರ್‌ನಲ್ಲಿ 0.05 ಮಿ.ಮೀ. ಪದರದಲ್ಲಿ ಮುದ್ರಿಸಿದಾಗ ಹಣೆ, ಕೆನ್ನೆಗಳ ಮೇಲೆ ಸಣ್ಣ ಗೆರೆಗಳು ಉಳಿದವು. 220ರ ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಗೆರೆಗಳ ಜೊತೆಗೆ ಕಣ್ಣಂಚಿನ ಸುಕ್ಕುಗಳೂ ಹೋದವು. ಬಳಿಕ ಅಚ್ಚು ತೆಗೆಯಲು ಪ್ಲಾಟಿನಂ ಸಿಲಿಕೋನ್ (ರಬ್ಬರಿನಂತೆ ಗಟ್ಟಿಯಾಗುವ ದ್ರವ) ಸುರಿದೆ. ಒಂದು ದಿನ ಕಳೆದರೂ, ಹೊರಭಾಗ ಗಟ್ಟಿಯಾಗಿದ್ದರೂ, ಪುತ್ಥಳಿಗೆ ತಾಗಿದ ಭಾಗ ಜಿಗಟಾಗಿಯೇ ಇತ್ತು. ಎಂಟು ಮನೆಗಳಿಗೆ ಒಂದೊಂದು ಪ್ರತಿ ಕೊಡಬೇಕೆಂಬ ಆಸೆ ಇದೆ. ಸಾಧ್ಯವಾದರೆ ಒಂದು ಲೋಹದ್ದೂ ಆಗಬೇಕು. ಚಿತ್ರಗಳನ್ನು ಹಾಕಿದ್ದೇನೆ, ತಿಳಿದವರು ದಯವಿಟ್ಟು ನೋಡಿ ಹೇಳಿರಿ.

ಎರೆಮಣ್ಣು, ಕಲಬುರಗಿ:

ಮೊದಲು ಜಿಗಟಿನ ವಿಷಯ. ಪೂರ್ತಿ ಬಲಿಯದ ರೆಸಿನ್ ಆಗಲಿ, ಗಂಧಕ ಬೆರೆತ ಮಾಡೆಲಿಂಗ್ ಕ್ಲೇ ಆಗಲಿ ತಾಗಿದ ಜಾಗದಲ್ಲಿ ಪ್ಲಾಟಿನಂ ವರ್ಗದ ಸಿಲಿಕೋನ್ ಗಟ್ಟಿಯಾಗುವುದಿಲ್ಲ. ಮುದ್ರಿಸಿದ ಮೂರ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಒಣಗಿದ ಮೇಲೆ ನೇರಳಾತೀತ ದೀಪದಡಿ ಎಲ್ಲ ಬದಿಗಳನ್ನೂ ತಿರುಗಿಸಿ ಬಲಿಸಿ, ಅನಂತರ ಅಕ್ರಿಲಿಕ್ ಲ್ಯಾಕರ್‌ನ ಎರಡು ತೆಳು ಪದರಗಳನ್ನು ಸಿಂಪಡಿಸಿರಿ. ಅಷ್ಟಾದರೂ ನೇರವಾಗಿ ಅಚ್ಚಿಗೆ ಕೈಹಾಕದೆ, ಬುಡದ ಮೇಲೆ ಒಂದು ಚಮಚ ಸಿಲಿಕೋನ್ ಹಾಕಿಟ್ಟು ಮರುದಿನ ನೋಡಿರಿ. ತವರ ವರ್ಗದ ಸಿಲಿಕೋನ್‌ಗೆ ಈ ತೊಂದರೆ ಕಡಿಮೆ, ಆದರೆ ಆ ಅಚ್ಚು ದಿನ ಕಳೆದಂತೆ ತುಸು ಕುಗ್ಗುತ್ತದೆ.

ಸುಕ್ಕುಗಳು ಅಳಿಸಿಹೋದದ್ದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಮುಪ್ಪಿನ ಮುಖದ ಹೋಲಿಕೆ ಕುಳಿತಿರುವುದೇ ಅಲ್ಲಿ. ಇದನ್ನು ಮಾದರಿಯಲ್ಲಿಯೇ ಸರಿಪಡಿಸಬೇಕು. ಪರದೆಯ ಮೇಲೆ ಮುಖ ಅಂಗೈಗಿಂತ ದೊಡ್ಡದಾಗಿ ಕಾಣುವುದರಿಂದ ಕೊರೆದ ಗೆರೆ ಸಾಕಷ್ಟು ಆಳವಾಗಿದೆ ಎನ್ನಿಸುತ್ತದೆ, 14 ಸೆಂ.ಮೀ.ಗೆ ಇಳಿದಾಗ ಅದೇ ಗೆರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಲೇಪ) ಬಿದ್ದೊಡನೆ ಮುಚ್ಚಿಹೋಗುತ್ತದೆ. ಕಣ್ಣಂಚಿನ ಸುಕ್ಕುಗಳನ್ನು 0.3 ಮಿ.ಮೀ.ನಷ್ಟಾದರೂ ಆಳಕ್ಕೆ ಇಳಿಸಿ, ಮೇಲ್‌ರೆಪ್ಪೆಯ ಅಂಚನ್ನು ಇರುವುದಕ್ಕಿಂತ ದಪ್ಪ ಮಾಡಿರಿ. ಇನ್ನೊಂದು ಮಾತು: ನಿಮ್ಮ ಚಿತ್ರದಲ್ಲಿ ಮುಖದ ಎಡಬಲಗಳು ಒಂದರ ಪಡಿಯಚ್ಚು ಇನ್ನೊಂದು ಎಂಬಂತಿವೆ. ತಂತ್ರಾಂಶದ ಮಿರರ್ ಸೌಲಭ್ಯವನ್ನು ನಿಲ್ಲಿಸಿ, ಫೋಟೊದಲ್ಲಿ ಯಾವ ಕಣ್ಣು ಹೆಚ್ಚು ಕಿರಿದಾಗಿದೆ, ಮೀಸೆ ಯಾವ ಕಡೆ ಇಳಿದಿದೆ ಎಂದು ನೋಡಿ ತಿದ್ದಿರಿ. ಮತ್ತೆ ಮುದ್ರಿಸುವಾಗ ಮಾದರಿಯನ್ನು ಹಿಡಿದು ನಿಲ್ಲಿಸುವ ಆಸರೆ ಕಡ್ಡಿಗಳೆಲ್ಲ ಬೆನ್ನಿಗೆ ಬರುವಂತೆ ಮಾದರಿಯನ್ನು ಓರೆಯಾಗಿಸಿರಿ. 400 ಮತ್ತು 800ರ ನಯವಾದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ, ಹಣೆ, ಕೆನ್ನೆ, ಭುಜದಂತಹ ಬಯಲು ಭಾಗಗಳನ್ನು ಮಾತ್ರ ಉಜ್ಜಿರಿ; ಕಣ್ಣು, ಮೀಸೆ, ರುಮಾಲಿನ ಮಡಿಕೆಗಳ ಹತ್ತಿರ ಹೋಗಬೇಡಿರಿ.

ಅಚ್ಚು ಎರಡು ಭಾಗದ್ದಿರಲಿ. ಗಂಧಕವಿಲ್ಲದ ಕ್ಲೇಯಲ್ಲಿ ಮೂರ್ತಿಯನ್ನು ಅರ್ಧ ಹುದುಗಿಸಿ, ಎರಡು ಭಾಗಗಳು ಸರಿಯಾಗಿ ಕೂಡಲು ಸುತ್ತ ಕ್ಲೇಯಲ್ಲಿ ಸಣ್ಣ ಗುಳಿಗಳನ್ನು ಮಾಡಿ ಮೊದಲರ್ಧ ಸುರಿಯಿರಿ. ಎರಡನೆಯದನ್ನು ಸುರಿಯುವ ಮುನ್ನ ವ್ಯಾಸಲೀನ್ ತೆಳುವಾಗಿ ಸವರದಿದ್ದರೆ ಎರಡೂ ಒಂದಕ್ಕೊಂದು ಅಂಟಿ ಬಿಡುತ್ತವೆ. ಸಿಲಿಕೋನನ್ನು ಒಂದೇ ಮೂಲೆಯಲ್ಲಿ, ಎತ್ತರದಿಂದ ನೂಲಿನಂತೆ ಇಳಿಸಿದರೆ ಗಾಳಿಗುಳ್ಳೆಗಳು ಒಡೆಯುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಬಹಳ ಬೇಗ ಬಿಗಿಯುವುದರಿಂದ ಬೆಳಗಿನ ಜಾವವೇ ಕೆಲಸ ಮುಗಿಸಿರಿ. ಪ್ರತಿಗಳಿಗೆ ಸಾದಾ ಪ್ಲಾಸ್ಟರಿಗಿಂತ ದಂತವೈದ್ಯರು ಬಳಸುವ ಡೆಂಟಲ್ ಸ್ಟೋನ್ ಒಳ್ಳೆಯದು: 100 ಗ್ರಾಂ ಪುಡಿಗೆ ಸುಮಾರು 30 ಮಿ.ಲೀ. ನೀರು ಸಾಕು, ಮೂಗು ಕಿವಿಗಳು ಅಷ್ಟು ಸುಲಭವಾಗಿ ಮುರಿಯುವುದಿಲ್ಲ.

ಬಿದರಿಕಪ್ಪು, ಬೀದರ್:

ಲೋಹದ ಪ್ರತಿಗೆ ನಿಮ್ಮ ರೆಸಿನ್ ಮೂರ್ತಿಯನ್ನು ನೇರವಾಗಿ ಮರಳಿನ ಅಚ್ಚಿನಲ್ಲಿ ಒತ್ತಬೇಡಿರಿ. ರುಮಾಲಿನ ಅಂಚು, ಕಿವಿಯ ಹಿಂಭಾಗಗಳಲ್ಲಿ ಮರಳು ಸಿಕ್ಕಿಕೊಂಡು, ಎತ್ತುವಾಗ ಅಚ್ಚು ಕುಸಿಯುತ್ತದೆ. ಅದೇ ಸಿಲಿಕೋನ್ ಅಚ್ಚಿನಲ್ಲಿ ಒಂದು ಮೇಣದ ಪ್ರತಿ ತೆಗೆದುಕೊಳ್ಳಿರಿ. ಮೇಣದ ಸುತ್ತ ಮಣ್ಣಿನ ಅಚ್ಚು ಕಟ್ಟಿ, ಕಾಯಿಸಿ ಮೇಣ ಹರಿಸಿದರೆ, ಎಂತಹ ಇಕ್ಕಟ್ಟಿನ ಮಡಿಕೆಗೂ ಲೋಹ ಇಳಿಯುತ್ತದೆ.

ಎರಕಕ್ಕೆ ನಮ್ಮ ಬೀದರಿನ ಬಿದರಿ ಕಲೆಯ ಲೋಹವನ್ನೇ ಬಳಸಬಹುದು; ಅದರಲ್ಲಿ ಸತುವೇ ಹೆಚ್ಚು, ತಾಮ್ರ ಅಲ್ಪ. ಸತು 419 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವುದರಿಂದ ಕಂಚಿಗಿಂತ ಕಡಿಮೆ ಬೆಂಕಿ ಸಾಕು. ಆದರೂ ಮನೆಯಲ್ಲಿ ಪ್ರಯತ್ನಿಸಬೇಡಿರಿ. ಹೆಚ್ಚು ಕಾದ ಸತುವಿನ ಹೊಗೆ ಜ್ವರ ತರಿಸುತ್ತದೆ, ಅಚ್ಚಿನಲ್ಲಿ ತೇವವಿದ್ದರೆ ಲೋಹ ಚಿಮ್ಮುತ್ತದೆ. ಮೇಣದ ಪ್ರತಿಯನ್ನು ಎರಕದವರಿಗೆ ಒಪ್ಪಿಸಿರಿ. ಲೋಹ ತಣಿಯುವಾಗ ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ತುಸು ಚಿಕ್ಕದಾಗುತ್ತದೆ. ಬಿದರಿಗೆ ಹಚ್ಚುವ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಕಪ್ಪು ಬಣ್ಣ ಏರಿದ ಮೇಲೆ ಕಣ್ಣಿನ ಸುತ್ತಲಿನ ಸಣ್ಣ ನೆರಳುಗಳು ಕಾಣುವುದಿಲ್ಲ; ಮೀಸೆಗಾದರೂ ಬೆಳ್ಳಿ ತಂತಿ ಕೂರಿಸಿದರೆ ಮುಖ ಎದ್ದು ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಭೀಮಾತೀರ, ಯಾದಗಿರಿ:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಲ್ಯಾಕರ್ ಬಳಿದು ಬುಡದಲ್ಲಿ ಪರೀಕ್ಷಿಸಿದೆ, ಈ ಸಲ ಸಿಲಿಕೋನ್ ಒಣಗಿ ಸಲೀಸಾಗಿ ಬಿಟ್ಟಿತು. ಫೋಟೊ ನೋಡಿದರೆ ಮುತ್ಯಾ ಅವರ ಎಡಗಣ್ಣು ನಿಜವಾಗಿಯೂ ಕಿರಿದಾಗಿದೆ; ಇಷ್ಟು ದಿನ ನಾನು ಗಮನಿಸಿರಲಿಲ್ಲ. ತಿದ್ದಿ ಮತ್ತೆ ಮುದ್ರಿಸಲು ಕೊಟ್ಟಿದ್ದೇನೆ. ಅಚ್ಚಿನ ಎರಡು ಭಾಗಗಳು ಕೂಡುವ ಸಂದು ಎಲ್ಲಿ ಬರಬೇಕು ಎಂಬುದೊಂದು ಉಳಿದಿದೆ.

ಎರೆಮಣ್ಣು, ಕಲಬುರಗಿ:

ರುಮಾಲಿನ ಮಡಿಕೆಯ ಅಂಚಿನಲ್ಲೇ ಸಾಗಿ, ಕಿವಿಯ ಹಿಂದೆ ಇಳಿದು, ಭುಜದ ಹೊಲಿಗೆಯ ಮೇಲೆ ಬರಲಿ. ಅಲ್ಲಿ ಉಳಿಯುವ ಎಳೆಯನ್ನು ಕೆರೆದರೂ ಗುರುತು ಕಾಣುವುದಿಲ್ಲ.