ಕಾಂಡೋ, ಟೌನ್‌ಹೋಮ್, ಬಿಡಿ ಮನೆ: ಹಿಮ ಬೀಳುವ ಕಡೆ ಯಾವುದಕ್ಕೆ ಖರ್ಚು ಜಾಸ್ತಿ?

ಬಾಡಿಗೆಯವಳು ಕೇಳಿದ್ದು:

ಇಷ್ಟು ವರ್ಷ ಬಾಡಿಗೆ ಮನೆಯಲ್ಲೇ ಕಳೆದೆವು. ಈಗ ಕೊಳ್ಳೋಣ ಅಂತ ಮೂರು ನೋಡಿಟ್ಟಿದ್ದೇವೆ. ದೊಡ್ಡ ಕಟ್ಟಡದಲ್ಲಿ ಒಂದು ಕಾಂಡೋ (ಸ್ವಂತದ ಫ್ಲಾಟ್), ಸಾಲಿನ ನಡುವೆ ಇರೋ ಒಂದು ಟೌನ್‌ಹೋಮ್, ಇಪ್ಪತ್ತು ವರ್ಷ ಹಳೆಯ ಒಂದು ಬಿಡಿ ಮನೆ. ಸಾಲದ ಕಂತು ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ಕಾಂಡೋದ ತಿಂಗಳ ಅಸೋಸಿಯೇಷನ್ ಫೀ ನೋಡಿ ನಮ್ಮ ಯಜಮಾನರು ಹೌಹಾರಿದ್ದಾರೆ. "ಇದು ನೀರಲ್ಲಿ ಹೋಮ ಮಾಡಿದ ಹಾಗೆ, ಬಿಡಿ ಮನೆಗೆ ಫೀನೇ ಇಲ್ಲವಲ್ಲ" ಅಂತಾರೆ. ಚಳಿಗಾಲ ಉದ್ದ ಇರೋ ಜಾಗದಲ್ಲಿ ಈ ಲೆಕ್ಕ ಸರಿನಾ? ಅನುಭವ ಇದ್ದವರು ಹೇಳಿ.

ಹಳೇ ಖಜಾಂಚಿ ಉತ್ತರ:

ಟೌನ್‌ಹೋಮ್ ಅಸೋಸಿಯೇಷನ್ ಒಂದರ ಲೆಕ್ಕ ನೋಡಿಕೊಂಡವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬಿಡಿ ಮನೆಗೂ ಫೀ ಇದೆ. ತಿಂಗಳ ಬಿಲ್ ಬರಲ್ಲ ಅಷ್ಟೇ. ಶಿಂಗಲ್ಸ್ (ಡಾಂಬರಿನ ತೆಳು ಹೆಂಚು) ಹಾಕಿದ ಛಾವಣಿ ಸಾಮಾನ್ಯವಾಗಿ 20–25 ವರ್ಷ ಬಾಳುತ್ತೆ. ಮನೆ ಬೆಚ್ಚಗಿಡುವ ಫರ್ನೇಸ್ 15–20 ವರ್ಷ. ನೀರು ಕಾಯಿಸುವ ಹೀಟರ್ 10–12. ನೀವು ನೋಡಿರೋ ಮನೆಗೆ ಇಪ್ಪತ್ತು ವರ್ಷ ಆಗಿದೆ. ಇವು ಇನ್ನೂ ಮೂಲದ್ದೇ ಆಗಿದ್ದರೆ ಎಲ್ಲವೂ ಒಟ್ಟಿಗೆ ನಿಮ್ಮ ತಲೆ ಮೇಲೆ ಬರುತ್ತವೆ. ಹೊಸದಕ್ಕೆ ಎಷ್ಟಾಗುತ್ತೆ ಅಂತ ಕೇಳಿ, ಉಳಿದ ಆಯಸ್ಸಿನ ತಿಂಗಳುಗಳಿಂದ ಭಾಗಿಸಿ. ಅದರ ಜೊತೆ ಪೂರ್ತಿ ಮನೆಯ ವಿಮೆ, ಹಿಮ ತೆಗೆಸೋದು, ಕಸ, ನೀರು ಸೇರಿಸಿ. ಆಮೇಲೆ ಕಾಂಡೋ ಫೀ ಪಕ್ಕದಲ್ಲಿಟ್ಟು ನೋಡಲಿ ನಿಮ್ಮ ಯಜಮಾನರು. ವರ್ಷಕ್ಕೆ ಮನೆ ಬೆಲೆಯ ಶೇ 1ರಷ್ಟು ರಿಪೇರಿಗೆ ಎತ್ತಿಡಿ ಅಂತ ಎಲ್ಲರೂ ಹೇಳ್ತಾರೆ. ಹಿಮದ ಊರಿನ ಹಳೆ ಮನೆಗೆ ಅದು ಸಾಲದು ಅಂತ ನನ್ನ ಅಭಿಪ್ರಾಯ.

ಇನ್ನು ಬಿಸಿ ಮಾಡುವ ಖರ್ಚು. ಶಾಖ ಹೊರಗೆ ಹೋಗೋದು ಹೊರಗಾಳಿ ತಾಗುವ ಕಡೆಯಿಂದ. ಬಿಡಿ ಮನೆಗೆ ನಾಲ್ಕು ಗೋಡೆ, ಮೇಲೆ ಛಾವಣಿ, ಕೆಳಗೆ ನೆಲ. ಸಾಲಿನ ನಡುವಿನ ಟೌನ್‌ಹೋಮ್‌ಗೆ ಎರಡೇ ಗೋಡೆ, ಛಾವಣಿ, ನೆಲ. ನಡು ಮಹಡಿಯ ಕಾಂಡೋಗೆ ಎಷ್ಟೋ ಸಲ ಒಂದೇ ಗೋಡೆ, ಉಳಿದ ಕಡೆಯೆಲ್ಲ ಅಕ್ಕಪಕ್ಕದವರ ಬೆಚ್ಚನೆ ಮನೆ. ಅದರಲ್ಲೂ ಹಳೆ ಕಟ್ಟಡಗಳಲ್ಲಿ ಎಷ್ಟೋ ಕಡೆ ಎಲ್ಲರಿಗೂ ಸೇರಿ ಒಂದೇ ಬಾಯ್ಲರ್ ಇರುತ್ತೆ, ಆಗ ಹೀಟಿಂಗ್ ಫೀ ಒಳಗೇ ಬಂತು. ಕೇಳಿ ನೋಡಿ.

ಬಿಡಿ ಮನೆಗೆ ಇನ್ನೊಂದು ಕಾಟ ಐಸ್ ಡ್ಯಾಮ್. ಮನೆ ಶಾಖ ಛಾವಣಿ ಕೆಳಗಿನ ಅಟ್ಟಕ್ಕೆ (ಆಟಿಕ್) ಸೋರಿ ಛಾವಣಿ ಮೇಲಿನ ಹಿಮ ಅಡಿಯಿಂದ ಕರಗುತ್ತೆ. ನೀರು ಜಾರಿ ಸೂರಿನ ಅಂಚಿಗೆ ಬರುತ್ತೆ. ಅಂಚು ತಣ್ಣಗಿರುತ್ತೆ, ಅಲ್ಲಿ ಮತ್ತೆ ಗಟ್ಟಿಯಾಗುತ್ತೆ. ಹಿಂದೆ ನಿಂತ ನೀರು ಶಿಂಗಲ್ಸ್ ಅಡಿ ನುಗ್ಗಿ ಒಳಗಿನ ಸೀಲಿಂಗ್‌ನಲ್ಲಿ ಕಂದು ಕಲೆಯಾಗಿ ಕಾಣಿಸುತ್ತೆ. ಮನೆ ನೋಡಲು ಹೋದಾಗ ಹೊರಗೋಡೆ ಪಕ್ಕದ ಸೀಲಿಂಗ್ ನೋಡಿ. ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ! ಆಟಿಕ್ ಹತ್ತಿ ಇನ್ಸುಲೇಶನ್ ಕೂಡ ನೋಡಿ. ತೀರಾ ಚಳಿ ಇರುವ ಕಡೆ ಆರ್-49ರಿಂದ ಆರ್-60 ಇರಬೇಕು (ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ).

ಹಾಗಂತ ಕಾಂಡೋ ಏನು ಪುಣ್ಯಕೋಟಿ ಅಲ್ಲ. ಅಲ್ಲಿನ ದೊಡ್ಡ ಹೊಡೆತ ಪಾರ್ಕಿಂಗ್ ಮಹಡಿಯಿಂದ. ರಸ್ತೆಗೆ ಹಾಕಿದ ಉಪ್ಪು ಕಾರಿನ ಜೊತೆ ಒಳಗೆ ಬರುತ್ತೆ. ಕರಗಿದ ಉಪ್ಪುನೀರು ಕಾಂಕ್ರೀಟ್ ಒಳಗೆ ಇಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಉಬ್ಬಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಕಾರು ನಿಲ್ಲಿಸುವ ಜಾಗದಲ್ಲಿ ತಲೆ ಎತ್ತಿ ನೋಡಿ: ಕಂದು ಗೆರೆ, ಉದುರಿದ ಚಕ್ಕೆ, ನೀರು ಹಿಡಿಯಲು ಕಟ್ಟಿದ ತಗಡು ಇದ್ದರೆ ಹುಷಾರು. ಅಂಥ ರಿಪೇರಿಗೆ ರಿಸರ್ವ್ ಫಂಡ್ (ಅಸೋಸಿಯೇಷನ್ ಕೂಡಿಟ್ಟ ಹಣ) ಸಾಲದಿದ್ದರೆ ಸ್ಪೆಷಲ್ ಅಸೆಸ್‌ಮೆಂಟ್ ಹಾಕ್ತಾರೆ. ಅದು ಮಾಲೀಕರೆಲ್ಲ ಫೀ ಮೇಲೆ ಹೆಚ್ಚುವರಿಯಾಗಿ ಒಮ್ಮೆಗೇ ಕಟ್ಟಬೇಕಾದ ದೊಡ್ಡ ಮೊತ್ತ.

ಸಲಿಕೆಶೂರ ಉತ್ತರ:

ಖಜಾಂಚಿ ಸಾಹೇಬ್ರು ಹೇಳಿದ್ದು ಒಪ್ತೀನಿ. ಆದರೂ ನನ್ನ ಓಟು ಬಿಡಿ ಮನೆಗೇ. ಛಾವಣಿ ಈ ವರ್ಷ ಮಾಡಿಸಲೋ ಎರಡು ವರ್ಷ ಬಿಟ್ಟು ಮಾಡಿಸಲೋ ಅಂತ ನಾನೇ ತೀರ್ಮಾನ ಮಾಡ್ತೀನಿ. ಹಿಮ ನಾನೇ ತೆಗೀತೀನಿ, ದುಡ್ಡು ಉಳಿಯುತ್ತೆ, ಸೊಂಟಕ್ಕೂ ಕೆಲಸ. ಅಸೋಸಿಯೇಷನ್ ಫೀ ಕಮ್ಮಿಯಾಗಿದ್ದು ನಾನಂತೂ ಕಂಡಿಲ್ಲ.

ಮೂಲೆಮನೆ ಉತ್ತರ:

ಟೌನ್‌ಹೋಮ್ ಬಗ್ಗೆ ಒಂದು ಮಾತು. ಹೊರಗಿಂದ ನೋಡಿದರೆ ಎಲ್ಲ ಒಂದೇ, ಕಾಗದದಲ್ಲಿ ಎರಡು ಥರ. ಕೆಲವು ಕಡೆ ನೆಲ, ಛಾವಣಿ, ಗೋಡೆ ಎಲ್ಲ ನಿಮ್ಮದೇ. ಕೆಲವು ಕಡೆ ಕಾನೂನಿನ ಪ್ರಕಾರ ಅದೂ ಕಾಂಡೋನೇ, ಒಳಗಿನ ಗೋಡೆಯ ಬಣ್ಣದಿಂದ ಈಚೆಗೆ ಮಾತ್ರ ನಿಮ್ಮದು. ವಿಮೆ ಎಷ್ಟು ಬೇಕು ಅನ್ನೋದೂ ಇದರ ಮೇಲೇ ನಿಂತಿದೆ.

ಇನ್ನೊಂದು. ನಮ್ಮದು ಹೊಸ ನಮೂನೆ ಫರ್ನೇಸ್, ಅದರ ಹೊಗೆ ಪೈಪು ಗೋಡೆಯಿಂದ ಮೊಳಕಾಲೆತ್ತರದಲ್ಲಿ ಹೊರಗೆ ಬರುತ್ತೆ. ಅಸೋಸಿಯೇಷನ್ ಗೊತ್ತುಮಾಡಿದ ಹಿಮ ತೆಗೆಯುವವರು ದಾರಿಯ ಹಿಮ ಎಲ್ಲ ತಂದು ಅದರ ಮುಂದೇ ಗುಡ್ಡೆ ಹಾಕಿ ಹೋದರು. ರಾತ್ರಿ ಫರ್ನೇಸ್ ತಾನಾಗೇ ನಿಂತು ಮನೆಯೆಲ್ಲ ಕೊರೆಯೋ ಚಳಿ. ನಿಂತಿದ್ದೇ ಒಳ್ಳೆಯದಾಯ್ತು, ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಒಳಗೆ ಬರುವ ಅಪಾಯ. ಫೀ ಕಟ್ಟಿದ ಮಾತ್ರಕ್ಕೆ ಸಲಿಕೆ ಬೇಡ ಅಂದ್ಕೋಬೇಡಿ.

ಬಾಡಿಗೆಯವಳು:

ಎಲ್ಲರಿಗೂ ಥ್ಯಾಂಕ್ಸ್. ಕಾಂಡೋದವರ ಮೀಟಿಂಗ್ ನಡಾವಳಿ ತರಿಸಿ ಓದಿದೆವು. "ಪಾರ್ಕಿಂಗ್ ಮೆಂಬ್ರೇನ್, ಮುಂದಿನ ಸಭೆಗೆ ಮುಂದೂಡಿದೆ" ಅಂತ ಪ್ರತಿ ಸಭೆಯಲ್ಲೂ ಬರೆದಿದ್ದಾರೆ! (ಮೆಂಬ್ರೇನ್ ಅಂದರೆ ನೀರು ಇಳಿಯದ ಹಾಗೆ ಕಾಂಕ್ರೀಟ್ ಮೇಲೆ ಹಾಕುವ ಪದರವಂತೆ.) ಟೌನ್‌ಹೋಮ್‌ನಲ್ಲಿ ಛಾವಣಿ ಅಸೋಸಿಯೇಷನ್‌ದು, ಕಿಟಕಿ ನಮ್ಮದಂತೆ.

ಹಳೇ ಖಜಾಂಚಿ:

ಮುಂದೂಡಿದ್ದೇವೆ ಅಂದರೆ ದುಡ್ಡಿಲ್ಲ ಅಂತಲೇ ಓದಿಕೊಳ್ಳಿ. ಸಾಲಕ್ಕೂ ಇದು ತೊಡಕು. 2021ರಲ್ಲಿ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಕಾಂಡೋ ಕಟ್ಟಡ ಕುಸಿದು 98 ಜನ ಸತ್ತರಲ್ಲ, ಆಮೇಲೆ ಅಮೆರಿಕದಲ್ಲಿ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ (ಬ್ಯಾಂಕುಗಳು ಕೊಟ್ಟ ಮನೆ ಸಾಲವನ್ನು ಕೊಂಡುಕೊಳ್ಳುವ ಸಂಸ್ಥೆಗಳು) ನಿಯಮ ಬಿಗಿ ಮಾಡಿದವು. ಗಂಭೀರ ರಿಪೇರಿ ಬಾಕಿ ಇರುವ ಕಟ್ಟಡದ ಮನೆಗಳ ಸಾಲವನ್ನು ಅವು ಕೊಳ್ಳಲ್ಲ, ಹಾಗಾಗಿ ಬ್ಯಾಂಕುಗಳೂ ಸಾಲ ಕೊಡಲು ಹಿಂಜರಿಯುತ್ತವೆ. ನಾಳೆ ನೀವು ಮಾರಲು ಹೋದಾಗಲೂ ಕೊಳ್ಳುವವರಿಗೆ ಇದೇ ಪಾಡು. ಆ ಕಾಂಡೋನೇ ಬೇಕು ಅಂದರೆ, ಅಸೆಸ್‌ಮೆಂಟ್ ಬಂದರೆ ಮಾರುವವರೇ ಕಟ್ಟಬೇಕು ಅಂತ ಕರಾರಿನಲ್ಲಿ ಬರೆಸಿ. ಒಪ್ಪಲಿಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ನಾನಾದರೆ ಆ ನಡುವಿನ ಟೌನ್‌ಹೋಮ್ ಹಿಡೀತಿದ್ದೆ. ಮೂರು ಕೆಲಸ ಮಾಡಿ. ಅವರ ರಿಸರ್ವ್ ಸ್ಟಡಿ (ಮುಂದಿನ ದೊಡ್ಡ ರಿಪೇರಿಗಳಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ ವರದಿ) ಯಾವ ವರ್ಷದ್ದು, ಛಾವಣಿಗೆ ಎಷ್ಟು ಎತ್ತಿಟ್ಟಿದ್ದಾರೆ ಅಂತ ಕೇಳಿ. ಕಿಟಕಿ ನಿಮ್ಮದು ಅಂದಿರಲ್ಲ, ಎರಡು ಗಾಜಿನ ನಡುವೆ ಮಂಜು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಸೀಲ್ ಹೋಗಿದೆ, ಆ ಖರ್ಚು ಬೆಲೆಯಲ್ಲಿ ಇಳಿಸಿಕೊಳ್ಳಿ. ಗ್ಯಾರೇಜ್ ಮೇಲೆ ರೂಮ್ ಇದ್ದರೆ ಚಳಿ ಜಾಸ್ತಿ ಇರುವ ದಿನವೇ ಹೋಗಿ ಅಲ್ಲಿ ಬರಿಗಾಲಲ್ಲಿ ನಿಂತು ನೋಡಿ. ಕೆಳಗಿನ ಗ್ಯಾರೇಜ್ ತಣ್ಣಗಿದ್ದರೆ ನೆಲ ಕೊರೆಯುತ್ತೆ, ಪೈಪಿನ ನೀರೂ ಹೆಪ್ಪುಗಟ್ಟಬಹುದು; ನೀರಿನ ಪೈಪು ಆ ನೆಲದಡಿ ಹೋಗಿದೆಯಾ ಅಂತಲೂ ಇನ್‌ಸ್ಪೆಕ್ಟರನ್ನು ಕೇಳಿ.

ಬಾಡಿಗೆಯವಳು:

ಶನಿವಾರ ಹೋಗ್ತಿದ್ದೇವೆ. ಬರಿಗಾಲಲ್ಲಿ ನಿಲ್ಲೋ ಕೆಲಸ ಯಜಮಾನರಿಗೇ ವಹಿಸಿದ್ದೇನೆ.